ಕುಂಡದ ಹೋಸ್ಟಾ ಮತ್ತು ವಸಂತದ ಫ್ರಾಸ್ಟ್: ಎಳೆಯ ಸುಳಿಗಳನ್ನು ಕಾಯುವುದು ಹೇಗೆ?

ಶಿವರಾತ್ರಿ ಬಂದರೆ ಚಳಿ ‘ಶಿವ ಶಿವಾ’ ಎಂದು ಓಡಿಹೋಗುತ್ತದೆ ಎಂಬ ನಮ್ಮ ಕಡೆಯ ಮಾತು ಷಿಕಾಗೊ, ಡೆಟ್ರಾಯಿಟ್, ಟೊರಾಂಟೊಗಳಲ್ಲಿ ನಡೆಯುವುದಿಲ್ಲ. ಅಲ್ಲಿ ಯುಗಾದಿ ಕಳೆದ ಮೇಲೆ ನಾಲ್ಕು ದಿನ ಚೆನ್ನಾಗಿ ಬಿಸಿಲು ಕಾಯುತ್ತದೆ; ಮನೆಯ ಹಿಂದಿನ ಡೆಕ್ಕಿನ ಮೇಲೆ ಚಳಿಗಾಲವಿಡೀ ಬರಿದಾಗಿ ಕಂಡ ಕುಂಡಗಳಲ್ಲಿ ಹೋಸ್ಟಾ ಗಿಡದ ಮೊನೆಗಳು ಮಣ್ಣನ್ನು ಎತ್ತಿಕೊಂಡು ಹೊರಗೆ ಬರುತ್ತವೆ; ಅಷ್ಟರಲ್ಲಿ ಫೋನಿನ ತೆರೆಯ ಮೇಲೆ ‘ಇಂದು ರಾತ್ರಿ ಫ್ರಾಸ್ಟ್’, ಅಂದರೆ ಎಲೆ ಹುಲ್ಲುಗಳ ಮೇಲೆ ಮಂಜು ಹರಳುಗಟ್ಟಿ ಕೂರುವಷ್ಟು ಚಳಿ, ಎಂಬ ಎಚ್ಚರಿಕೆ ಕಾಣಿಸಿಕೊಳ್ಳುತ್ತದೆ. ಆಗ ಕುಂಡವನ್ನು ಒಳಗೆ ತರಬೇಕೇ, ಮುಚ್ಚಬೇಕೇ, ಹಾಗೆಯೇ ಬಿಟ್ಟರೆ ಗಿಡ ಸತ್ತೇಹೋಗುತ್ತದೆಯೇ ಎಂಬ ಪ್ರಶ್ನೆಗಳು ಏಳುತ್ತವೆ. ಹಿಮ ಬೀಳದ ನಾಡಿನಲ್ಲಿ ಬೆಳೆದವರಿಗೆ ಇದರ ಹಿನ್ನೆಲೆ ತಿಳಿದಿರುವುದಿಲ್ಲವಾದ್ದರಿಂದ, ಗಿಡದ ಸ್ವಭಾವದಿಂದಲೇ ಆರಂಭಿಸಿ ಈ ಪ್ರಶ್ನೆಗಳನ್ನು ಬಿಡಿಸಿ ನೋಡುವುದು ಒಳ್ಳೆಯದು.

ಹೋಸ್ಟಾ ಎಂಥ ಗಿಡ

ಹೋಸ್ಟಾ ಮುಖ್ಯವಾಗಿ ಎಲೆಯ ಅಂದಕ್ಕಾಗಿ ಬೆಳೆಸುವ ಗಿಡ. ಜಪಾನ್, ಕೊರಿಯಾ ಮತ್ತು ಚೀನಾಗಳ ಬೆಟ್ಟದ ಇಳಿಜಾರು, ಹೊಳೆಯ ದಂಡೆ, ಕಾಡಿನಂಚುಗಳು ಇದರ ತವರು. 1820ರ ದಶಕದಲ್ಲಿ ನಾಗಸಾಕಿಯ ಬಳಿಯ ಡಚ್ ನೆಲೆಯಾದ ದೇಜಿಮಾದಲ್ಲಿ ವೈದ್ಯನಾಗಿದ್ದ ಫಿಲಿಪ್ ಫ್ರಾಂಜ್ ಫಾನ್ ಸೀಬೋಲ್ಡ್ ಯುರೋಪಿಗೆ ಸಾಗಿಸಿದ ಜಪಾನಿನ ಸಸ್ಯಗಳಲ್ಲಿ ಹೋಸ್ಟಾಗಳೂ ಇದ್ದವು. ಅದಕ್ಕೂ ಮೊದಲೇ, 1812ರಲ್ಲಿ, ಆಸ್ಟ್ರಿಯಾದ ಸಸ್ಯವಿಜ್ಞಾನಿ ನಿಕೋಲಸ್ ಥಾಮಸ್ ಹೋಸ್ಟ್ ಅವರ ಹೆಸರನ್ನು ಈ ಕುಲಕ್ಕೆ ಇಡಲಾಗಿತ್ತು. ಇಂದಿನ ವರ್ಗೀಕರಣದಲ್ಲಿ ಇದು ಶತಾವರಿಯ ಕುಟುಂಬಕ್ಕೆ ಸೇರುತ್ತದೆ; ನಮ್ಮ ಹೊಲದ ಬೇಲಿಗಳಲ್ಲಿ ಕಾಣುವ ಕತ್ತಾಳೆಯೂ ಇದೇ ಕುಟುಂಬದ್ದು.

ನೆರಳನ್ನು ಸಹಿಸುವ ಗುಣದಿಂದಾಗಿ ಬಿಸಿಲು ಕಡಿಮೆ ಬೀಳುವ ಮನೆಯಂಗಳಗಳಲ್ಲಿ ಇದು ಬಹಳ ಜನಪ್ರಿಯ. ನೆಲದಲ್ಲಿ ನೆಟ್ಟರೆ ಜಿಂಕೆಗಳು ಎಲೆಗಳನ್ನು ದಂಟಿನವರೆಗೂ ಮೇಯುತ್ತವೆ, ವೋಲ್ ಎಂಬ ಇಲಿಜಾತಿಯ ಪ್ರಾಣಿಗಳು ಬೇರನ್ನು ತಿನ್ನುತ್ತವೆ. ಮರಗಳ ಬೇರು ತುಂಬಿದ ನೆಲದಲ್ಲಿ ಗುಂಡಿ ತೋಡುವುದೂ ಕಷ್ಟ. ಹೀಗಾಗಿ ಅನೇಕರು ಇದನ್ನು ಕುಂಡದಲ್ಲೇ ಬೆಳೆಸುತ್ತಾರೆ, ಬಾಡಿಗೆ ಮನೆಯಲ್ಲಿರುವವರಿಗಂತೂ ಬೇರೆ ದಾರಿಯೇ ಇರುವುದಿಲ್ಲ.

ಶರತ್ಕಾಲದ ಕೊನೆಯಲ್ಲಿ ಹೋಸ್ಟಾದ ಎಲೆಗಳು ಹಳದಿಯಾಗಿ ಕುಸಿದುಬೀಳುತ್ತವೆ. ಮಣ್ಣಿನ ಮಟ್ಟದಲ್ಲಿರುವ ಬುಡ, ಅಂದರೆ ಬೇರುಗಳೂ ಎಲೆಯ ದಂಟುಗಳೂ ಕೂಡುವ ಗಟ್ಟಿಯಾದ ಭಾಗ, ಮಾತ್ರ ಜೀವಂತವಾಗಿ ಉಳಿದು ನಿದ್ರೆಗೆ ಜಾರುತ್ತದೆ. ಈ ಸ್ಥಿತಿಗೆ ಸುಪ್ತಾವಸ್ಥೆ ಎಂದು ಹೆಸರು. ಸುಪ್ತಾವಸ್ಥೆಯಿಂದ ಸರಿಯಾಗಿ ಎಚ್ಚರಗೊಳ್ಳಲು ಹೋಸ್ಟಾಕ್ಕೆ ಹಲವು ವಾರಗಳ ಕಾಲ ಸುಮಾರು 5 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯ ಚಳಿ ಬೇಕು. ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಆದ್ದರಿಂದ ಊರಿಗೆ ತಂದು ನೆಟ್ಟರೆ ಇದು ನೆಲೆನಿಲ್ಲುವ ಗಿಡವಲ್ಲ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಅಮೆರಿಕದ ಕೃಷಿ ಇಲಾಖೆ ಚಳಿಗಾಲದ ಕನಿಷ್ಠ ಉಷ್ಣಾಂಶದ ಆಧಾರದ ಮೇಲೆ ದೇಶವನ್ನು ವಲಯಗಳಾಗಿ ವಿಂಗಡಿಸಿದೆ. ಹೋಸ್ಟಾವನ್ನು ಸಾಮಾನ್ಯವಾಗಿ 3ರಿಂದ 8ನೆಯ ವಲಯಗಳಿಗೆ ಸೂಚಿಸುತ್ತಾರೆ. 3ನೆಯ ವಲಯದಲ್ಲಿ ಗಾಳಿಯ ಉಷ್ಣಾಂಶ ಮೈನಸ್ 35 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗೆ ಇಳಿಯುತ್ತದೆ. ಅಂಥ ಚಳಿಯಲ್ಲಿ ನೆಲದೊಳಗೆ ಮಲಗಿ ಬದುಕುಳಿಯುವ ಗಿಡದ ಹೊಸ ಎಲೆ, ವಸಂತದ ಒಂದು ರಾತ್ರಿ ಮೈನಸ್ 2 ಡಿಗ್ರಿಗೆ ಸತ್ತುಹೋಗಬಲ್ಲದು. ಗಿಡದ ಚಳಿ ತಾಳಿಕೆ ಬೇರೆ, ಎಳೆಯ ಎಲೆಯ ತಾಳಿಕೆ ಬೇರೆ. ನರ್ಸರಿಯ ಚೀಟಿಯಲ್ಲಿ ಬರೆದಿರುವ ವಲಯದ ಸಂಖ್ಯೆ ಹೇಳುವುದು ಮೊದಲನೆಯದನ್ನು ಮಾತ್ರ.

ಸುಳಿ ಬಿಚ್ಚುವ ಕ್ರಮ

ಹೋಸ್ಟಾದ ಎಲೆಗಳು ಒಂದರೊಳಗೊಂದು ಸುತ್ತಿಕೊಂಡು ಬಿಗಿಯಾದ ಸುಳಿಯಾಗಿ ಮೇಲೇಳುತ್ತವೆ. ಬೆಳೆಗಾರರು ಈ ಮೊನೆಯನ್ನು ‘ಪಿಪ್’ ಎಂದು ಕರೆಯುತ್ತಾರೆ. ಹತ್ತಿರದಿಂದ ನೋಡಿದರೆ ಮೊನೆಯ ಹೊರಗೆ ಒಂದೆರಡು ಗಿಡ್ಡನೆಯ, ದಪ್ಪನೆಯ ಪೊರೆಗಳು ಕಾಣುತ್ತವೆ. ಅನೇಕ ತಳಿಗಳಲ್ಲಿ ಅವುಗಳ ಬಣ್ಣ ನೇರಳೆ ಅಥವಾ ಕಂದುಗೆಂಪು. ಇವು ಎಲೆಗಳಾಗಿ ಅರಳುವುದಿಲ್ಲ, ಒಳಗಿನ ಎಲೆಗಳನ್ನು ಮಣ್ಣಿನ ಉಜ್ಜಾಟದಿಂದ ಕಾಯುವುದಷ್ಟೇ ಇವುಗಳ ಕೆಲಸ. ಮೊನೆ ಬೆರಳಿನಷ್ಟು ಎತ್ತರವಾದಾಗ ಪೊರೆ ಸಡಿಲಗೊಂಡು, ಹೊರಗಿನ ಎಲೆಯ ಅಂಚು ಮೊದಲು ಬಿಚ್ಚಿಕೊಳ್ಳುತ್ತದೆ. ಈ ಹಂತದಲ್ಲಿ ಸುಳಿಯ ನಡುವಿನ ಸಂದಿಯಲ್ಲಿ ಮಳೆಯ ಹನಿ ಇಳಿದು ನಿಲ್ಲುವುದುಂಟು.

ಬಿಗಿಯಾಗಿ ಸುತ್ತಿಕೊಂಡ ಮೊನೆಗೆ ಚಳಿಯನ್ನು ತಡೆಯುವ ಶಕ್ತಿ ಸಾಕಷ್ಟಿದೆ. ಅದರ ಒಟ್ಟು ಮೇಲ್ಮೈ ಕಡಿಮೆ, ಅದು ನೆಲಕ್ಕೆ ಅಂಟಿಕೊಂಡಂತಿದೆ, ಒಳಗಿನ ಎಲೆಗಳು ಹೊರಗಿನವುಗಳ ಮರೆಯಲ್ಲಿವೆ. ಹಗುರವಾದ ಫ್ರಾಸ್ಟ್ ಬಿದ್ದರೂ, ಒಂದಿಷ್ಟು ಹಿಮ ಮುಸುಕಿದರೂ ಈ ಹಂತದಲ್ಲಿ ಗಾಬರಿಪಡಬೇಕಾಗಿಲ್ಲ. ಸುಳಿ ಬಿಚ್ಚಿ ಎಲೆಗಳು ಅಗಲವಾಗತೊಡಗಿದ ಮೇಲೆ ಲೆಕ್ಕ ಬದಲಾಗುತ್ತದೆ. ಆಗ ಎಲೆ ತೆಳ್ಳಗೆ, ನೀರು ತುಂಬಿಕೊಂಡು, ಆಕಾಶಕ್ಕೆ ಮೈಯೊಡ್ಡಿ ನಿಂತಿರುತ್ತದೆ. ಅಪಾಯ ಅತಿ ಹೆಚ್ಚಿರುವುದು ಆ ಎರಡು ಮೂರು ವಾರಗಳಲ್ಲಿ.

ಎಲ್ಲ ತಳಿಗಳೂ ಒಂದೇ ದಿನ ಏಳುವುದಿಲ್ಲ. ಹಳದಿ ಅಂಚಿನ ದೊಡ್ಡ ಎಲೆಯ ‘ಮೊಂಟಾನಾ ಆರಿಯೋಮಾರ್ಜಿನಾಟಾ’ ಎಲ್ಲಕ್ಕಿಂತ ಮೊದಲು ಎದ್ದು ಪ್ರತಿ ವರ್ಷ ಫ್ರಾಸ್ಟಿಗೆ ಸಿಕ್ಕಿಕೊಳ್ಳುವುದಕ್ಕೆ ಹೆಸರಾಗಿದೆ. ಇಂಥ ತಳಿ ಮನೆಯಲ್ಲಿದ್ದರೆ ಅದರ ಕುಂಡದ ಮೇಲೆ ಮೊದಲು ಕಣ್ಣಿಡಬೇಕು.

ಇಷ್ಟು ಜತನವೇಕೆ ಎಂದರೆ, ಹೋಸ್ಟಾ ತನ್ನ ವರ್ಷದ ಎಲೆಗಳಲ್ಲಿ ಬಹುಪಾಲನ್ನು ವಸಂತದ ಈ ಒಂದೇ ಕಂತಿನಲ್ಲಿ ಹೊರಹಾಕುತ್ತದೆ. ಹಿಂದಿನ ಬೇಸಿಗೆಯಲ್ಲಿ ಬುಡದಲ್ಲಿ ಕೂಡಿಟ್ಟ ಆಹಾರವೇ ಇದಕ್ಕೆ ಬಂಡವಾಳ. ಬೇಸಿಗೆಯಲ್ಲಿ ಮತ್ತೊಂದು ಸಣ್ಣ ಕಂತು ಬರುವುದುಂಟಾದರೂ ಅದು ಮೊದಲ ಕಂತಿನ ಸಮವಲ್ಲ. ಏಪ್ರಿಲಿನಲ್ಲಿ ತೂತುಬಿದ್ದ ಎಲೆ ಅಕ್ಟೋಬರಿನವರೆಗೂ ತೂತಾಗಿಯೇ ಇರುತ್ತದೆ.

ಫ್ರಾಸ್ಟ್ ಹೇಗೆ ಉಂಟಾಗುತ್ತದೆ

ಫ್ರಾಸ್ಟ್ ಎಂದರೆ ಎಲೆ, ಹುಲ್ಲು, ಗಾಜುಗಳಂಥ ಮೇಲ್ಮೈಗಳು ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದಾಗ ಗಾಳಿಯ ತೇವ ಅವುಗಳ ಮೇಲೆ ಮಂಜಿನ ಹರಳುಗಳಾಗಿ ಕೂರುವುದು. ನಮ್ಮ ಓದುಗರಲ್ಲಿ ಚಳಿಗಾಲದ ಮುಂಜಾನೆ ಊಟಿಯ ಹುಲ್ಲುಗಾವಲುಗಳು ಬೆಳ್ಳಗಾಗಿರುವುದನ್ನು ನೋಡಿದವರು ಇದನ್ನು ಬಲ್ಲರು. ನೀಲಗಿರಿಯ ಚಹಾ ಗಿಡಗಳ ಚಿಗುರು ಸುಟ್ಟಂತಾಗುವುದಕ್ಕೂ ಇದೇ ಕಾರಣ.

ಗಾಳಿ ತಣ್ಣಗಾಗಿ, ಅದರಿಂದ ಎಲೆ ತಣ್ಣಗಾಗುತ್ತದೆ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ವಸಂತದ ಹೆಚ್ಚಿನ ಫ್ರಾಸ್ಟ್ ರಾತ್ರಿಗಳಲ್ಲಿ ನಡೆಯುವುದು ಇದಕ್ಕೆ ತಿರುವುಮುರುವು. ಪ್ರತಿಯೊಂದು ವಸ್ತುವೂ ತನ್ನ ಶಾಖವನ್ನು ಕಣ್ಣಿಗೆ ಕಾಣದ ವಿಕಿರಣವಾಗಿ ಸದಾ ಹೊರಚೆಲ್ಲುತ್ತಿರುತ್ತದೆ. ಮೋಡವಿದ್ದರೆ ಆ ಶಾಖದ ಒಂದು ಪಾಲು ಮೋಡದಿಂದ ಮರಳಿ ನೆಲಕ್ಕೆ ಬರುತ್ತದೆ. ಆಕಾಶ ತಿಳಿಯಾಗಿದ್ದರೆ ಹೋದ ಶಾಖ ಹೋದಂತೆಯೇ, ಎಲೆ ತನ್ನ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಕಲಬುರಗಿ, ವಿಜಯಪುರಗಳ ಕಡೆ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗಿದವರು ಈ ಕ್ರಿಯೆಯನ್ನು ಮೈಮೇಲೆಯೇ ಅನುಭವಿಸಿರುತ್ತಾರೆ: ಹಗಲೆಲ್ಲ ಉರಿಬಿಸಿಲು ಕಾದ ಮಾಳಿಗೆಯಲ್ಲೂ ಬೆಳಗಿನ ಜಾವಕ್ಕೆ ತೆರೆದ ಆಕಾಶದಡಿ ಮಲಗಿದವರಿಗೆ ಹೊದಿಕೆ ಬೇಕೆನಿಸುತ್ತದೆ, ಪಕ್ಕದಲ್ಲೇ ಚಪ್ಪರದಡಿ ಮಲಗಿದವರಿಗೆ ಬೇಕೆನಿಸುವುದಿಲ್ಲ. ಚಪ್ಪರ ಶಾಖವನ್ನು ಹುಟ್ಟಿಸುವುದಿಲ್ಲ. ಮೇಲಕ್ಕೆ ಹೋಗುವ ಶಾಖವನ್ನು ನಡುವೆ ತಡೆಯುತ್ತದೆ. ಹೋಸ್ಟಾವನ್ನು ಕಾಯುವ ಉಪಾಯಗಳಲ್ಲಿ ಮುಕ್ಕಾಲುಪಾಲು ಇದೇ ತತ್ತ್ವದ ಮೇಲೆ ನಿಂತಿವೆ.

ಗಾಳಿ ಬೀಸದಿರುವುದು ಎರಡನೆಯ ಕಾರಣ. ತಣ್ಣಗಿನ ಗಾಳಿ ಭಾರವಾದ್ದರಿಂದ ಅದು ನೆಲಕ್ಕೆ ಇಳಿದು, ತಗ್ಗುಗಳಲ್ಲಿ ನೀರಿನಂತೆ ತುಂಬಿಕೊಳ್ಳುತ್ತದೆ. ಗಾಳಿ ಬೀಸುತ್ತಿದ್ದರೆ ಮೇಲಿನ ಬೆಚ್ಚಗಿನ ಪದರ ಕೆಳಗಿನದರೊಂದಿಗೆ ಬೆರೆಯುತ್ತದೆ, ನಿಶ್ಚಲವಾಗಿದ್ದರೆ ಬೆರೆಯುವುದಿಲ್ಲ. ಗಾಳಿಯಲ್ಲಿ ತೇವ ಕಡಿಮೆಯಿದ್ದರೂ ಅಪಾಯ ಹೆಚ್ಚು, ಏಕೆಂದರೆ ತೇವ ಇಬ್ಬನಿಯಾಗಿ ಕೂರುವಾಗ ಬಿಡುಗಡೆಯಾಗುವ ಶಾಖ ಉಷ್ಣಾಂಶದ ಇಳಿತವನ್ನು ನಿಧಾನಗೊಳಿಸುತ್ತದೆ, ಒಣಗಾಳಿಯಲ್ಲಿ ಆ ಆಸರೆ ಇರುವುದಿಲ್ಲ.

ಹವಾಮಾನ ವರದಿಯನ್ನು ಓದುವಾಗ ಇದನ್ನು ನೆನಪಿಡಬೇಕು. ವರದಿಯ ಉಷ್ಣಾಂಶವನ್ನು ನೆಲದಿಂದ ಒಂದೂಕಾಲರಿಂದ ಎರಡು ಮೀಟರ್ ಎತ್ತರದಲ್ಲಿ, ನೆರಳಿನ ಪೆಟ್ಟಿಗೆಯೊಳಗೆ ಅಳೆದಿರುತ್ತಾರೆ. ತಿಳಿಯಾದ, ಗಾಳಿಯಿಲ್ಲದ ರಾತ್ರಿ ನೆಲದ ಮಟ್ಟ ಅದಕ್ಕಿಂತ ಎರಡು ಮೂರು ಡಿಗ್ರಿ, ಕೆಲವೊಮ್ಮೆ ಇನ್ನೂ ಹೆಚ್ಚು ತಣ್ಣಗಿರುತ್ತದೆ. ಆದ್ದರಿಂದಲೇ ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ 33ರಿಂದ 36 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 0.5ರಿಂದ 2 ಡಿಗ್ರಿ ಸೆಲ್ಸಿಯಸ್, ನಿರೀಕ್ಷೆಯಿರುವಾಗಲೇ ‘ಫ್ರಾಸ್ಟ್ ಅಡ್ವೈಸರಿ’ ನೀಡುತ್ತದೆ. ಗಾಳಿಯ ಉಷ್ಣಾಂಶವೇ 32 ಡಿಗ್ರಿ ಫ್ಯಾರನ್‌ಹೀಟ್‌ಗೆ ಅಥವಾ ಅದಕ್ಕಿಂತ ಕೆಳಗೆ ಇಳಿಯುವುದಿದ್ದರೆ ಬರುವುದು ‘ಫ್ರೀಜ್ ವಾರ್ನಿಂಗ್’. ಬ್ರಿಟನ್ನಿನ ಹವಾಮಾನ ಕಚೇರಿ ಇವನ್ನು ‘ಗ್ರೌಂಡ್ ಫ್ರಾಸ್ಟ್’, ‘ಏರ್ ಫ್ರಾಸ್ಟ್’ ಎಂದು ಬೇರ್ಪಡಿಸುತ್ತದೆ. ಅಮೆರಿಕದಲ್ಲಿ ಈ ಎಚ್ಚರಿಕೆಗಳು ಆಯಾ ಪ್ರದೇಶದ ಬೆಳೆಯ ಋತು ಆರಂಭವಾದ ಮೇಲಷ್ಟೇ ಹೊರಡುತ್ತವೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಕುಂಡದ ಹೋಸ್ಟಾ ಅದಕ್ಕೂ ಮೊದಲೇ ಎದ್ದಿದ್ದರೆ ಎಚ್ಚರಿಕೆ ಬಾರದ ರಾತ್ರಿಯಲ್ಲೂ ಅದು ಸುಡಬಹುದು. ಎಚ್ಚರಿಕೆಗಾಗಿ ಕಾಯದೆ ರಾತ್ರಿಯ ಕನಿಷ್ಠ ಉಷ್ಣಾಂಶವನ್ನು ತಾವೇ ನೋಡಿಕೊಳ್ಳುವುದು ಕ್ಷೇಮ.

ಉತ್ತರದಿಂದ ಕೊರೆಯುವ ಗಾಳಿಯ ಅಲೆಯೇ ಬಂದು ಇಡೀ ಪ್ರದೇಶವನ್ನು ತಣ್ಣಗಾಗಿಸುವುದು ಬೇರೆ ಬಗೆಯ ಚಳಿ. ಅದರಲ್ಲಿ ಗಾಳಿ ಬೀಸುತ್ತಲೇ ಇರುತ್ತದೆ, ಹಿಡಿದಿಡಲು ನೆಲದ ಹತ್ತಿರ ಶಾಖವೂ ಉಳಿದಿರುವುದಿಲ್ಲ. ಅಂಥ ರಾತ್ರಿ ಬಟ್ಟೆಯ ಹೊದಿಕೆಯನ್ನು ನೆಚ್ಚುವಂತಿಲ್ಲ, ಕುಂಡವನ್ನು ಒಳಗೆ ಒಯ್ಯಲೇಬೇಕು.

ಎಲೆಯೊಳಗೆ ಆಗುವುದೇನು

ಎಲೆಯ ಜೀವಕೋಶಗಳ ನಡುವೆ ಸಣ್ಣ ಸಣ್ಣ ಅವಕಾಶಗಳಿರುತ್ತವೆ. ಮಂಜಿನ ಹರಳು ಸಾಮಾನ್ಯವಾಗಿ ಮೊದಲು ಹುಟ್ಟುವುದು ಅಲ್ಲಿ, ಏಕೆಂದರೆ ಕೋಶದ ಒಳಗಿನ ರಸದಲ್ಲಿ ಸಕ್ಕರೆ, ಲವಣಗಳು ಕರಗಿರುವುದರಿಂದ ಅದು ಹೆಪ್ಪುಗಟ್ಟಲು ಇನ್ನೂ ಹೆಚ್ಚಿನ ಚಳಿ ಬೇಕು. ಹೊರಗೆ ಹುಟ್ಟಿದ ಹರಳು ಕೋಶದೊಳಗಿನ ನೀರನ್ನು ತನ್ನೆಡೆಗೆ ಎಳೆದುಕೊಂಡು ಬೆಳೆಯುತ್ತದೆ. ನೀರು ಕಳೆದುಕೊಂಡ ಕೋಶ ಮುದುಡಿ, ಅದರ ಪೊರೆ ಹರಿಯುತ್ತದೆ. ಒಂದರ್ಥದಲ್ಲಿ ಚಳಿಗೆ ಸಿಕ್ಕಿದ ಎಲೆ ಸಾಯುವುದು ಬಾಯಾರಿಕೆಯಿಂದ. ಚಳಿಗಾಲಕ್ಕೆ ಸಜ್ಜಾದ ಬುಡದ ಕೋಶಗಳು ಸಕ್ಕರೆಯನ್ನು ಕೂಡಿಸಿಕೊಂಡು, ಪೊರೆಯ ರಚನೆಯನ್ನು ಬದಲಿಸಿಕೊಂಡು ಇದನ್ನು ತಾಳಿಕೊಳ್ಳುತ್ತವೆ. ವೇಗವಾಗಿ ಬೆಳೆಯುತ್ತಿರುವ ಎಳೆಯ ಎಲೆಗೆ ಆ ಸಿದ್ಧತೆ ಇರುವುದಿಲ್ಲ.

ಸೂರ್ಯೋದಯದ ಹೊತ್ತಿಗೆ ಹೋಗಿ ನೋಡಿದರೆ ಹೆಪ್ಪುಗಟ್ಟಿದ ಎಲೆ ಕಡುಹಸಿರಾಗಿ, ಗಾಜಿನಂತೆ ಅರೆಪಾರದರ್ಶಕವಾಗಿ, ಸೆಟೆದು ನಿಂತಿರುತ್ತದೆ. ಆಗ ಅದನ್ನು ಮುಟ್ಟಬಾರದು, ಬಾಗಿಸಿದರೆ ಉಳಿಯಬಹುದಾಗಿದ್ದ ಭಾಗವೂ ಮುರಿಯುತ್ತದೆ. ಬಿಸಿಲೇರುತ್ತಿದ್ದಂತೆ ಕೆಟ್ಟ ಭಾಗ ಬೇಯಿಸಿದ ಸೊಪ್ಪಿನ ಹಾಗೆ ಜೋತುಬೀಳುತ್ತದೆ, ಮುಂದೆ ಬಿಳಿಚಿ ಒಣಗಿ ಕಾಗದದಂತಾಗುತ್ತದೆ. ಬೆಳಗ್ಗೆ ನೀರು ಚಿಮುಕಿಸಿ ಮಂಜನ್ನು ತೊಳೆದರೆ ಎಲೆ ಉಳಿಯುತ್ತದೆ ಎಂದು ಹೇಳುವವರಿದ್ದಾರೆ. ಪೊರೆ ಹರಿದಿದ್ದರೆ ನೀರು ಅದನ್ನು ಹೊಲಿಯಲಾರದು. ಹರಿಯದಿದ್ದರೆ ಎಲೆ ತಾನಾಗಿಯೇ ಚೇತರಿಸಿಕೊಳ್ಳುತ್ತದೆ.

ಕುಂಡದಲ್ಲಿ ಬೇರೆಯಾಗುವುದೇನು

ನೆಲದಲ್ಲಿರುವ ಬುಡಕ್ಕೆ ಇಡೀ ಭೂಮಿಯ ಆಸರೆಯಿದೆ. ಅಷ್ಟು ದೊಡ್ಡ ಮಣ್ಣಿನ ರಾಶಿ ಬಿಸಿಯಾಗುವುದೂ ನಿಧಾನ, ತಣ್ಣಗಾಗುವುದೂ ನಿಧಾನ. ಕುಂಡದ ಹಿಡಿಮಣ್ಣಿಗೆ ಸುತ್ತಲೂ ಗಾಳಿ. ಮಾರ್ಚಿನ ಮಧ್ಯಾಹ್ನದ ಬಿಸಿಲು ಕಪ್ಪು ಪ್ಲಾಸ್ಟಿಕ್ ಕುಂಡದ ಪಕ್ಕಕ್ಕೆ ಬಿದ್ದರೆ ಒಳಗಿನ ಮಣ್ಣು ನೆಲಕ್ಕಿಂತ ಎಷ್ಟೋ ಬೇಗ ಬೆಚ್ಚಗಾಗಿ ‘ವಸಂತ ಬಂತು’ ಎಂಬ ಸೂಚನೆಯನ್ನು ಬುಡಕ್ಕೆ ಕೊಟ್ಟುಬಿಡುತ್ತದೆ. ಅದೇ ರಾತ್ರಿ ಆ ಮಣ್ಣು ಅಷ್ಟೇ ಬೇಗ ತಣ್ಣಗಾಗುತ್ತದೆ. ಕುಂಡದ ಹೋಸ್ಟಾ ನೆಲದ ಹೋಸ್ಟಾಗಿಂತ ಮೊದಲು ಏಳುವುದೂ, ಹೆಚ್ಚು ಸುಡುವುದೂ ಈ ಒಂದೇ ಕಾರಣದಿಂದ.

ನೀರಿನ ತೊಂದರೆ ಇನ್ನೊಂದು. ಚಳಿಗಾಲದ ಕೊನೆಯಲ್ಲಿ ಕುಂಡದ ಮೇಲಿನ ಮಣ್ಣು ಕರಗಿದ್ದರೂ ತಳದ ಮಣ್ಣು ಹೆಪ್ಪುಗಟ್ಟಿಯೇ ಇರುವುದುಂಟು. ಆಗ ಕರಗಿದ ಹಿಮದ ನೀರು ಕೆಳಗೆ ಹರಿಯಲಾಗದೆ ಬುಡದ ಸುತ್ತ ನಿಲ್ಲುತ್ತದೆ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ, ಹಗಲು ಕರಗುತ್ತದೆ. ಈ ಏರಿಳಿತದಲ್ಲಿ ಬುಡ ಕೊಳೆಯುತ್ತದೆ. ಕುಂಡದಲ್ಲಿ ಸತ್ತುಹೋಗುವ ಹೋಸ್ಟಾಗಳಲ್ಲಿ ಹೆಚ್ಚಿನವು ಸಾಯುವುದು ಒಣಚಳಿಗಲ್ಲ, ಚಳಿಗಾಲದ ಈ ನೀರಿಗೆ ಎಂಬುದು ನನ್ನ ಅಭಿಪ್ರಾಯ. ಕುಂಡವನ್ನು ಇಟ್ಟಿಗೆಯ ಚೂರುಗಳ ಮೇಲೆ ಎತ್ತರಿಸಿ ಇಡುವುದು, ತಳದ ರಂಧ್ರ ಮುಚ್ಚಿಲ್ಲವೆಂದು ನೋಡಿಕೊಳ್ಳುವುದು, ಅತಿಯಾಗಿ ಮಳೆ ಹಿಮ ಬೀಳುವ ಕಾಲದಲ್ಲಿ ಕುಂಡವನ್ನು ಮಗ್ಗುಲಿಗೆ ಮಲಗಿಸಿಡುವುದು ಸುಲಭದ ಪರಿಹಾರಗಳು. ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ಸುಮಾರು ಶೇ 9ರಷ್ಟು ಹಿಗ್ಗುವುದರಿಂದ ನೀರು ಹೀರಿಕೊಂಡ ಜೇಡಿಮಣ್ಣಿನ ಕುಂಡಗಳು ಸೀಳುತ್ತವೆ. ಹೊರಗೇ ಉಳಿಯುವ ಗಿಡಕ್ಕೆ ಪ್ಲಾಸ್ಟಿಕ್, ಮರ ಅಥವಾ ಫೈಬರ್‌ಗ್ಲಾಸಿನ ಕುಂಡ ಮೇಲು.

ಈ ಎಲ್ಲ ಕೊರತೆಗಳ ಎದುರಿಗೆ ಕುಂಡಕ್ಕೆ ಒಂದು ದೊಡ್ಡ ಅನುಕೂಲವಿದೆ: ಅದನ್ನು ಎತ್ತಿ ಬೇರೆಡೆ ಇಡಬಹುದು.

ಬೆಚ್ಚಗಿಡಬೇಡಿ, ತಣ್ಣಗಿಡಿ

ಗಿಡವನ್ನು ಫ್ರಾಸ್ಟಿನಿಂದ ಕಾಪಾಡಬೇಕೆಂದಾಗ ಮನಸ್ಸು ಮೊದಲು ಬೆಚ್ಚಗಿನ ಜಾಗವನ್ನು ಹುಡುಕುತ್ತದೆ. ದಕ್ಷಿಣದ ಗೋಡೆಯ ಬದಿ, ಬಿಸಿಲು ಬೀಳುವ ಕಿಟಕಿ, ಹೀಟರ್ ಇರುವ ಕೋಣೆ ಇವೆಲ್ಲ ಸುರಕ್ಷಿತವೆಂದು ತೋರುತ್ತವೆ. ಹೋಸ್ಟಾದ ಮಟ್ಟಿಗೆ ಇದು ತಪ್ಪು ದಾರಿ. ಮಲಗಿರುವ ಹೋಸ್ಟಾಕ್ಕೆ ಫ್ರಾಸ್ಟಿನಿಂದ ಅಪಾಯವಿಲ್ಲ, ಅಪಾಯವಿರುವುದು ಎದ್ದ ಹೋಸ್ಟಾಕ್ಕೆ. ಆದ್ದರಿಂದ ಅತ್ಯುತ್ತಮ ರಕ್ಷಣೆಯೆಂದರೆ ಗಿಡ ಬೇಗ ಏಳದಂತೆ ನೋಡಿಕೊಳ್ಳುವುದು, ಅದಕ್ಕೆ ಬೇಕಿರುವುದು ಸ್ಥಿರವಾದ ತಂಪು.

ಫೆಬ್ರವರಿಯಿಂದಲೇ ಕುಂಡಗಳನ್ನು ಮನೆಯ ಉತ್ತರದ ಬದಿಗೆ, ಬಿಸಿಲು ನೇರವಾಗಿ ತಾಗದ ಕಡೆಗೆ ಸರಿಸಿ, ಒಂದಕ್ಕೊಂದು ತಾಗುವಂತೆ ಗುಂಪಾಗಿ ಜೋಡಿಸಿ, ಸುತ್ತಲೂ ಒಣಗಿದ ಎಲೆ ಅಥವಾ ಒಣಹುಲ್ಲು ತುಂಬಿದರೆ ಮಣ್ಣಿನ ಉಷ್ಣಾಂಶ ಅತ್ತಿತ್ತ ಜಿಗಿಯುವುದಿಲ್ಲ. ಜಾಗವಿದ್ದವರು ಕುಂಡವನ್ನು ಅಂಚಿನವರೆಗೆ ನೆಲದಲ್ಲಿ ಹೂಳುವುದುಂಟು. ಆಗ ಅದಕ್ಕೂ ಭೂಮಿಯ ಆಸರೆ ಸಿಗುತ್ತದೆ. ಬುಡದ ಮೇಲೆ ಹಾಕಿದ ಹೊದಿಕೆಯನ್ನು ಮಾತ್ರ ಮೊನೆಗಳು ಕಾಣಿಸಿದ ಕೂಡಲೇ ಕೈಯಿಂದ ಹಗುರವಾಗಿ ಬಿಡಿಸಬೇಕು. ಇಲ್ಲದಿದ್ದರೆ ಮೊನೆಗಳು ಕತ್ತಲೆಯಲ್ಲಿ ಬಿಳಿಚಿಕೊಂಡು ಉದ್ದವಾಗುತ್ತವೆ, ಗೊಂಡೆಹುಳುಗಳಿಗೂ ಅಲ್ಲಿ ಮನೆಯಾಗುತ್ತದೆ.

ಹೀಟರ್ ಇಲ್ಲದ ಗ್ಯಾರೇಜು ಚಳಿಗಾಲಕ್ಕೆ ಒಳ್ಳೆಯ ಜಾಗ, ತಿಂಗಳಿಗೊಮ್ಮೆ ಮಣ್ಣು ಪೂರ್ತಿ ಒಣಗದಷ್ಟು ನೀರು ಕೊಟ್ಟರೆ ಸಾಕು. ಆದರೆ ಮನೆಗೆ ಅಂಟಿಕೊಂಡ ಗ್ಯಾರೇಜು ಮಾರ್ಚಿನಲ್ಲಿ ಹೊರಗಿಗಿಂತ ಬೆಚ್ಚಗಿರುವುದರಿಂದ ಗಿಡ ಅಲ್ಲಿ ಬೇಗ ಏಳುತ್ತದೆ. ಮೊನೆ ಕಾಣುವ ಮೊದಲೇ ಅದನ್ನು ಹೊರಗಿನ ನೆರಳಿಗೆ ತರಬೇಕು. ಈಗಾಗಲೇ ಎದ್ದಿದ್ದರೆ ಒಮ್ಮೆಲೇ ಬಯಲಿಗೆ ಇಡದೆ, ಒಂದು ವಾರದ ಕಾಲ ಹಗಲು ಹೊರಗೆ, ರಾತ್ರಿ ಒಳಗೆ ಎಂಬಂತೆ ಗಾಳಿಬೆಳಕಿಗೆ ಒಗ್ಗಿಸಬೇಕು. ವಸಂತದ ಆರಂಭದಲ್ಲೇ ನರ್ಸರಿಗಳಲ್ಲಿ ಎಲೆ ಬಿಚ್ಚಿಕೊಂಡು ಮಾರಾಟಕ್ಕೆ ನಿಂತಿರುವ ಹೋಸ್ಟಾಗಳು ಸಾಮಾನ್ಯವಾಗಿ ಹಸಿರುಮನೆಯಲ್ಲಿ ಬೆಳೆದಂಥವು. ಅವುಗಳಿಗೂ ಇದೇ ಉಪಚಾರ ಬೇಕು.

ಫ್ರಾಸ್ಟ್ ಬೀಳುವ ರಾತ್ರಿ

ಹೊತ್ತು ಮುಳುಗುವ ಮುನ್ನವೇ ಕೆಲಸ ಮುಗಿಯಬೇಕು, ಏಕೆಂದರೆ ಹಗಲು ಮಣ್ಣು ಮತ್ತು ಡೆಕ್ಕು ಹೀರಿಕೊಂಡ ಶಾಖವೇ ನಮ್ಮ ಬಂಡವಾಳ, ಕತ್ತಲಾದಂತೆ ಅದು ಕರಗುತ್ತಾ ಹೋಗುತ್ತದೆ. ಮಧ್ಯರಾತ್ರಿ ನೆನಪಾಗಿ ಮುಚ್ಚಿದರೆ ಹಿಡಿದಿಡಲು ಹೆಚ್ಚೇನೂ ಉಳಿದಿರುವುದಿಲ್ಲ.

ಎತ್ತಬಹುದಾದ ಕುಂಡಗಳನ್ನು ಗ್ಯಾರೇಜಿಗೋ ಶೆಡ್ಡಿಗೋ ಒಯ್ಯುವುದು ಎಲ್ಲಕ್ಕಿಂತ ಖಚಿತ. ಒಂದೆರಡು ದಿನ ಕತ್ತಲೆಯಲ್ಲಿದ್ದರೆ ಗಿಡಕ್ಕೆ ತೊಂದರೆಯಿಲ್ಲ. ಅಷ್ಟು ದೂರ ಸಾಗಿಸಲಾಗದಿದ್ದರೆ ಮಾಡಿನ ಕೆಳಗೆ, ಗೋಡೆಗೆ ಒತ್ತಿ ಇಟ್ಟರೂ ಬಹಳಷ್ಟು ಸಾಧಿಸಿದಂತೆ: ಗಿಡದ ತಲೆಯ ಮೇಲೆ ಆಕಾಶದ ಬದಲು ಮಾಡು ಇರುತ್ತದೆ, ಗೋಡೆ ಹಗಲಿನ ಶಾಖವನ್ನು ನಿಧಾನವಾಗಿ ಬಿಟ್ಟುಕೊಡುತ್ತಿರುತ್ತದೆ. ದೊಡ್ಡ ಕುಂಡಗಳಿಗೆ ಮೊದಲೇ ಚಕ್ರದ ಮಣೆ ಹಾಕಿಟ್ಟರೆ ಸೊಂಟ ಉಳಿಯುತ್ತದೆ.

ಅಲ್ಲಾಡಿಸಲಾಗದ ಕುಂಡಗಳಿಗೆ ಹೊದಿಕೆಯೇ ಗತಿ. ಸುಳಿ ಇನ್ನೂ ಗಿಡ್ಡವಾಗಿದ್ದರೆ ಬಕೆಟ್ಟನ್ನೋ ರಟ್ಟಿನ ಪೆಟ್ಟಿಗೆಯನ್ನೋ ಬೋರಲು ಹಾಕಿ, ಗಾಳಿಗೆ ಹಾರದಂತೆ ಮೇಲೊಂದು ಕಲ್ಲು ಇಟ್ಟರೆ ಸಾಕು. ಎಲೆಗಳು ಬಿಚ್ಚಿದ್ದರೆ ಕುಂಡದಲ್ಲಿ ಮೂರು ನಾಲ್ಕು ಕೋಲುಗಳನ್ನು ಎಲೆಗಳಿಗಿಂತ ಎತ್ತರಕ್ಕೆ ಚುಚ್ಚಿ, ಅವುಗಳ ಮೇಲೆ ಬಟ್ಟೆ ಹೊದಿಸಬೇಕು. ಅಂಗಡಿಯಲ್ಲಿ ಸಿಗುವ ಫ್ರಾಸ್ಟ್ ಕ್ಲಾತ್ ಹಗುರವಾಗಿದ್ದು ಇದಕ್ಕೆಂದೇ ತಯಾರಾದದ್ದು. ತೆಳುವಾದದ್ದು ಒಂದೆರಡು ಡಿಗ್ರಿ ಸೆಲ್ಸಿಯಸ್‌ನಷ್ಟು, ದಪ್ಪನೆಯದು ಮೂರು ನಾಲ್ಕು ಡಿಗ್ರಿಯಷ್ಟು ರಕ್ಷಣೆ ಕೊಡುತ್ತದೆ. ಅದಿಲ್ಲದಿದ್ದರೆ ಹಳೆಯ ದುಪ್ಪಟಿ, ಎರಡು ಮೂರು ಮಡಿಕೆ ಮಾಡಿದ ಹತ್ತಿಯ ಸೀರೆ ಅಥವಾ ಪಂಚೆಯೂ ನಡೆಯುತ್ತದೆ. ಕೌದಿಯಷ್ಟು ಭಾರದ್ದನ್ನು ಕೋಲಿನ ಆಸರೆಯಿಲ್ಲದೆ ಹಾಕಿದರೆ ಸುಳಿಗಳು ಮುರಿಯುತ್ತವೆ. ಹೊದಿಕೆ ಎಲೆಗೆ ತಾಗಿದ ಕಡೆಯೆಲ್ಲ ಎಲೆಯ ಶಾಖ ನೇರವಾಗಿ ಹೊರಗೆ ಹರಿದುಹೋಗುವುದರಿಂದ ನಡುವೆ ಅಂತರವಿರಬೇಕು. ‘ಹ್ಯಾಲ್ಸಿಯನ್’, ‘ಬ್ಲೂ ಏಂಜಲ್’ನಂಥ ನೀಲಿ ಛಾಯೆಯ ತಳಿಗಳಲ್ಲಿ ಆ ನೀಲಿಗೆ ಕಾರಣ ಎಲೆಯ ಮೇಲಿನ ಮೇಣದ ಪುಡಿ, ಬಟ್ಟೆ ಉಜ್ಜಿದರೆ ಅದು ಅಳಿಸಿಹೋಗಿ ಎಲೆ ಕಲೆಕಲೆಯಾಗಿ ಕಾಣುತ್ತದೆ.

ಹೊದಿಕೆಯನ್ನು ಗಿಡದ ಕೆಳಗೆ ಕಟ್ಟಿ ಗಂಟುಹಾಕುವುದು ಬಹಳ ಕಡೆ ಕಾಣುವ ತಪ್ಪು. ಶಾಖ ಬರಬೇಕಾದದ್ದು ಮಣ್ಣಿನಿಂದ ಮತ್ತು ನೆಲದಿಂದ. ಬಟ್ಟೆ ಕುಂಡವನ್ನೂ ಒಳಗೊಂಡು ನೆಲದವರೆಗೆ ಇಳಿಬಿದ್ದು, ಅಂಚುಗಳ ಮೇಲೆ ಕಲ್ಲು ಹೇರಿದ್ದರೆ ಮಾತ್ರ ಆ ಶಾಖ ಒಳಗೆ ಉಳಿಯುತ್ತದೆ. ತೆಳುವಾದ ಪ್ಲಾಸ್ಟಿಕ್ ಹಾಳೆ ಒಂದನ್ನೇ ಹೊದಿಸುವುದು ಅಷ್ಟೇನೂ ಪ್ರಯೋಜನವಿಲ್ಲ, ಶಾಖದ ವಿಕಿರಣ ಅದನ್ನು ಬಹುಮಟ್ಟಿಗೆ ದಾಟಿಹೋಗುತ್ತದೆ. ಮಳೆಯಿದ್ದರೆ ಬಟ್ಟೆ ನೆನೆಯದಂತೆ ಅದರ ಮೇಲೆ ಎರಡನೆಯ ಪದರವಾಗಿ ಪ್ಲಾಸ್ಟಿಕ್ ಹಾಕಬಹುದು.

ಅಂದು ಬೆಳಗ್ಗೆ ಮಣ್ಣಿಗೆ ನೀರುಣಿಸುವುದು ಒಳ್ಳೆಯದು. ಒಣಮಣ್ಣಿಗಿಂತ ತೇವದ ಮಣ್ಣು ಹಗಲಿನ ಶಾಖವನ್ನು ಹೆಚ್ಚು ಹೀರಿಟ್ಟುಕೊಂಡು ರಾತ್ರಿ ಬಿಟ್ಟುಕೊಡುತ್ತದೆ. ನೀರು ಮಣ್ಣಿಗೆ ಮಾತ್ರ, ಸುಳಿಯ ಮೇಲಲ್ಲ. ಹೊದಿಕೆಯೊಳಗೆ ದೀಪದ ಸರ ಇಡುವ ರೂಢಿ ಹಳೆಯ ತಂತಿ ಬಲ್ಬುಗಳ ಕಾಲದ್ದು. ಈಗಿನ ಎಲ್‌ಇಡಿ ಸರಗಳಿಂದ ಹೇಳಿಕೊಳ್ಳುವಷ್ಟು ಶಾಖ ಬರುವುದಿಲ್ಲ.

ರಾತ್ರಿಯ ಅತಿ ಚಳಿಯ ಗಳಿಗೆ ಬರುವುದು ಸೂರ್ಯೋದಯದ ಆಸುಪಾಸಿನಲ್ಲಿ. ಬೆಳಕಾಯಿತೆಂದು ಕೂಡಲೇ ಹೊದಿಕೆ ತೆಗೆಯದೆ, ಉಷ್ಣಾಂಶ ಸೊನ್ನೆಯಿಂದ ಚೆನ್ನಾಗಿ ಮೇಲೇರಿದ ಮೇಲೆ ತೆಗೆಯಬೇಕು. ಹಾಗೆಂದು ಮಧ್ಯಾಹ್ನದವರೆಗೆ ಬಿಟ್ಟರೆ ಬಿಸಿಲಿಗೆ ಒಳಗೆ ಬೆಂದು, ಫ್ರಾಸ್ಟ್ ಮಾಡದ ಹಾನಿಯನ್ನು ಹೊದಿಕೆಯೇ ಮಾಡುತ್ತದೆ.

ಎಲ್ಲಿಯವರೆಗೆ ಕಾಯಬೇಕು

ಪ್ರತಿ ಊರಿಗೂ ‘ಕೊನೆಯ ಫ್ರಾಸ್ಟಿನ ದಿನಾಂಕ’ ಎಂದು ಒಂದು ತಾರೀಕು ಹೇಳುತ್ತಾರೆ. ಷಿಕಾಗೊ ಸುತ್ತಮುತ್ತ ಅದು ಸುಮಾರಿಗೆ ಏಪ್ರಿಲಿನ ಕೊನೆಯ ಭಾಗ; ಸರೋವರದ ದಡದಲ್ಲಿ ಮತ್ತು ನಗರದ ನಡುವೆ ಇನ್ನೂ ಮೊದಲು, ಹೊರವಲಯದ ತಗ್ಗುಗಳಲ್ಲಿ ತಡ. ಇದು ಹಲವು ವರ್ಷಗಳ ಸರಾಸರಿ ಎಂಬುದನ್ನು ಮರೆಯಬಾರದು. ಸರಾಸರಿ ಎಂದ ಮೇಲೆ ಸುಮಾರು ಅರ್ಧದಷ್ಟು ವರ್ಷಗಳಲ್ಲಿ ಆ ದಿನಾಂಕದ ನಂತರವೂ ಫ್ರಾಸ್ಟ್ ಬಿದ್ದಿರುತ್ತದೆ.

2007ರಲ್ಲಿ ಅಮೆರಿಕದ ಮಾರ್ಚ್ ಅಸಾಮಾನ್ಯವಾಗಿ ಬೆಚ್ಚಗಿತ್ತು. ಗಿಡಮರಗಳೆಲ್ಲ ಚಿಗುರಿದ ಮೇಲೆ ಏಪ್ರಿಲ್ ಮೊದಲ ವಾರ ಈಸ್ಟರ್ ಹಬ್ಬದ ಹೊತ್ತಿಗೆ ದೇಶದ ಪೂರ್ವಾರ್ಧದಲ್ಲಿ ಕಡುಚಳಿ ಇಳಿದು ಹಣ್ಣಿನ ತೋಟ, ಗೋಧಿಯ ಹೊಲಗಳೆಲ್ಲ ಸುಟ್ಟುಹೋದವು. ಬ್ರಿಟನ್ನಿನಲ್ಲಿ 2021ರ ಏಪ್ರಿಲ್ ತಿಂಗಳಲ್ಲಿ ಸರಾಸರಿ 13 ದಿನ ಏರ್ ಫ್ರಾಸ್ಟ್ ದಾಖಲಾಯಿತು, 1960ರಿಂದ ಇಟ್ಟುಕೊಂಡು ಬಂದ ದಾಖಲೆಗಳಲ್ಲಿ ಅದೇ ಅತಿ ಹೆಚ್ಚು. 2020ರ ಮೇ 9ರಂದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಹಿಮದ ಹಳಕುಗಳು ಉದುರಿದವು. ಜರ್ಮನಿಯ ತೋಟಗಾರರು ಮೇ 11ರಿಂದ 15ರವರೆಗಿನ ದಿನಗಳನ್ನು ‘ಹಿಮದ ಸಂತರ’ ದಿನಗಳೆಂದು ಕರೆದು, ಅವು ಕಳೆಯುವವರೆಗೆ ಸೂಕ್ಷ್ಮ ಗಿಡಗಳನ್ನು ಹೊರಗಿಡದಿರುವ ಹಳೆಯ ರೂಢಿಯನ್ನು ಇಂದಿಗೂ ಪಾಲಿಸುತ್ತಾರೆ. ಬಟ್ಟೆಯನ್ನೂ ಕೋಲುಗಳನ್ನೂ ಮೇ ಮಧ್ಯದವರೆಗೆ ಕೈಗೆಟುಕುವಲ್ಲಿ ಇಟ್ಟುಕೊಂಡಿರುವುದು ವಿವೇಕ.

ಎಲೆ ಸುಟ್ಟ ಮೇಲೆ

ಎಷ್ಟು ಎಚ್ಚರವಹಿಸಿದರೂ ಒಮ್ಮೊಮ್ಮೆ ಎಲೆಗಳು ಹೋಗುತ್ತವೆ. ಮೊದಲು ತಿಳಿಯಬೇಕಾದದ್ದು, ಬುಡ ಗಟ್ಟಿಯಾಗಿದ್ದರೆ ಗಿಡ ಬದುಕಿದೆ. ಅಂದೇ ಕತ್ತರಿ ಹಿಡಿಯಬಾರದು, ಏಕೆಂದರೆ ಜೋತುಬಿದ್ದಂತೆ ಕಂಡ ಎಲೆಗಳಲ್ಲಿ ಕೆಲವು ಎರಡು ಮೂರು ದಿನಗಳಲ್ಲಿ ಎದ್ದು ನಿಲ್ಲುತ್ತವೆ, ಯಾವ ಭಾಗ ನಿಜವಾಗಿ ಸತ್ತಿದೆ ಎಂಬುದು ಆಮೇಲಷ್ಟೇ ಸ್ಪಷ್ಟವಾಗುತ್ತದೆ. ತುದಿ ಮಾತ್ರ ಒಣಗಿದ್ದರೆ ಆ ಎಲೆಯನ್ನು ಹಾಗೆಯೇ ಉಳಿಸಬೇಕು. ನೋಡಲು ಚೆನ್ನಾಗಿರದಿದ್ದರೂ ಅದರ ಹಸಿರು ಭಾಗ ಬುಡಕ್ಕೆ ಆಹಾರ ತಯಾರಿಸುತ್ತಿರುತ್ತದೆ. ಲೋಳೆಯಾಗಿ ಕರಗಿದ ಎಲೆ ಮತ್ತು ಸುಳಿಗಳನ್ನು ಮಾತ್ರ ತೆಗೆಯಲೇಬೇಕು. ಅಲ್ಲಿ ಮೆದುಕೊಳೆತದ ಬ್ಯಾಕ್ಟೀರಿಯಾ ಸೇರಿದರೆ ದುರ್ವಾಸನೆ ಬರತೊಡಗಿ, ಕೊಳೆತ ಬುಡದವರೆಗೆ ಇಳಿಯುತ್ತದೆ.

ಕತ್ತರಿಸುವ ಮುನ್ನ ಕತ್ತರಿಯನ್ನು ಸೋಪಿನ ನೀರಿನಲ್ಲಿ ತೊಳೆದು ಬ್ಲೀಚ್ ದ್ರಾವಣದಲ್ಲಿ ಅದ್ದಬೇಕು, ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗಲೂ ಹಾಗೆಯೇ ಮಾಡಬೇಕು. ‘ಹೋಸ್ಟಾ ವೈರಸ್ ಎಕ್ಸ್’ ಎಂಬ ರೋಗ ಗಿಡದ ರಸದ ಮೂಲಕ, ಮುಖ್ಯವಾಗಿ ಕತ್ತರಿ ಚಾಕುಗಳಿಂದ, ಹರಡುತ್ತದೆ. ಅದಕ್ಕೆ ಮದ್ದಿಲ್ಲ, ತಗುಲಿದ ಗಿಡವನ್ನು ಕಿತ್ತೆಸೆಯುವುದೊಂದೇ ದಾರಿ. ಹಲವು ಕುಂಡಗಳನ್ನು ಒಟ್ಟಿಗೆ ಸವರುವ ಫ್ರಾಸ್ಟಿನ ಮರುದಿನಗಳಲ್ಲಿ ಈ ಎಚ್ಚರ ಬಹಳ ಮುಖ್ಯ.

ಮೊದಲ ಕಂತು ಪೂರ್ತಿ ಹೋದರೆ ಬುಡದಲ್ಲಿ ಮಲಗಿದ್ದ ಪಕ್ಕದ ಮೊಗ್ಗುಗಳು ಎಚ್ಚರಗೊಂಡು ಹೊಸ ಸುಳಿಗಳು ಬರುತ್ತವೆ. ಅವು ಸಣ್ಣವು, ಎಣಿಕೆಯಲ್ಲೂ ಕಡಿಮೆ. ಬೇಗ ಚೇತರಿಸಲೆಂದು ಗೊಬ್ಬರ ಸುರಿಯುವುದರಿಂದ ಲಾಭವಿಲ್ಲ, ಎಲೆಯಿಲ್ಲದ ಗಿಡ ಅದನ್ನು ಬಳಸಿಕೊಳ್ಳಲಾರದು. ಎಲೆಗಳಿಲ್ಲದಿರುವಾಗ ಕುಂಡದ ಮಣ್ಣು ನಿಧಾನವಾಗಿ ಒಣಗುವುದರಿಂದ ನೀರನ್ನೂ ಕಡಿಮೆ ಮಾಡಿ, ಬೆರಳಿಟ್ಟು ತೇವ ನೋಡಿಕೊಂಡೇ ಹಾಕಬೇಕು. ಹೊಸ ಎಲೆಗಳು ಪೂರ್ತಿ ಬಿಚ್ಚಿಕೊಂಡ ಮೇಲೆ ಹಗುರವಾಗಿ ಗೊಬ್ಬರ ಕೊಟ್ಟು, ಆ ಬೇಸಿಗೆ ಗಿಡವನ್ನು ಭಾಗಮಾಡಿ ಬೇರೆ ಕುಂಡಕ್ಕೆ ನೆಡುವ ಕೆಲಸವನ್ನು ಮುಂದಿನ ವರ್ಷಕ್ಕೆ ಬಿಡಬೇಕು.